ಸಪ್ಪಳವಿಲ್ಲದ ಮಧ್ಯಾಹ್ನ

ಹೂವಿನ ಹಿಪ್ಪರಗಿಯ ಗಿರಣಿ ಓಣಿಯಲ್ಲಿ ಆ ಮಂಗಳವಾರ ನಡೆದ ಅನಾಹುತಕ್ಕೆಲ್ಲ ಮೂಲ, ಮುಂಜಾನೆ ರೊಟ್ಟಿ ಮುರಿಯುತ್ತ ಅನಿಲನು ಆಡಿದ ಒಂದು ಸಾಧು ಮಾತು.

“ಅಪ್ಪಾ, ಇವತ್ತ ಮಧ್ಯಾಹ್ನ ಒಂದೀಟ ಗದ್ದಲ ಕಡಿಮಿ ಇದ್ರ ಛಲೋ ಆಗ್ತಿತ್ತು.”

ಬೇರೆ ಯಾವ ತಂದೆಯಾದರೂ ಟಿ.ವಿ. ಆರಿಸಿ ಸುಮ್ಮನಾಗುತ್ತಿದ್ದ. ರಾಚಪ್ಪ ಅಂಥವನಲ್ಲ. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ದುಡಿದು ನಿವೃತ್ತನಾದ ಅವನಿಗೆ, ಹರಿಯುವುದನ್ನು ನಿಲ್ಲಿಸುವುದೇ ಆಯುಷ್ಯದ ಕಾಯಕವಾಗಿತ್ತು. ಈಗ ಕೈಯಲ್ಲಿ ತೂಬಿನ ಚಕ್ರವಿಲ್ಲದಿದ್ದರೂ, ಎಲ್ಲಾದರೂ ಏನನ್ನಾದರೂ ತಡೆಯುವ ಅವಕಾಶ ಒದಗಿದರೆ ಅವನ ಮುಖಕ್ಕೆ ಹೊಸ ಅಳಿಯನ ಕಳೆ ಬರುತ್ತಿತ್ತು.

“ಕಡಿಮಿ ಯಾಕ? ಸಪ್ಪಳಾನ ಇರಾಂಗಿಲ್ಲ, ತಗೋ,” ಎಂದು ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ.

ವಿಷಯ ಸಣ್ಣದಾಗಿರಲಿಲ್ಲ. ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನದ ಅಂತರರಾಷ್ಟ್ರೀಯ ಸ್ನಾತಕೋತ್ತರ ವ್ಯಾಸಂಗಕ್ಕೆ ಅನಿಲ ಅರ್ಜಿ ಹಾಕಿದ್ದ. ಹಲವು ದೇಶಗಳ ವಿದ್ಯಾರ್ಥಿಗಳನ್ನು ಸೋಸಿ ಸೋಸಿ, ಕೊನೆಗೆ ಉಳಿದ ಕೆಲವರೊಳಗೆ ಇವನೂ ಒಬ್ಬನಾಗಿದ್ದ. ಆ ಮಧ್ಯಾಹ್ನ ಲ್ಯಾಪ್‌ಟಾಪಿನ ಮುಂದೆ ಕುಳಿತು ಪ್ರಾಧ್ಯಾಪಕರಿಗೆ ಸಂದರ್ಶನ ಕೊಡುವುದಷ್ಟೇ ಬಾಕಿ. ಮೆದುಳಿನ ಮೇಲೆ ಅವನಿಗಿದ್ದ ಪ್ರೀತಿ ನಿಜವಾದದ್ದೇ. ಆದರೆ ಅದರ ಬೆನ್ನಿಗೆ, ಯಾರಿಗೂ ಹೇಳದ ಇನ್ನೊಂದು ಆಸೆಯೂ ಇತ್ತು. ಹಾಕಿದ ಬಾಗಿಲು ಹಾಕಿಕೊಂಡೇ ಇರುವ, ಕಿಟಕಿಯಿಂದ ಯಾರೂ ಇಣುಕಿ “ಏನ ಮಾಡಾಕತ್ತಿ?” ಎಂದು ಕೇಳದ ಒಂದು ಕೋಣೆಯಲ್ಲಿ ಎರಡು ವರ್ಷ ಕೂತು ಓದಬೇಕು. ಗಿರಣಿ ಓಣಿಯಲ್ಲಿ ಅಂಥ ಕೋಣೆ ಇರಲಿಲ್ಲ. ಇದ್ದರೂ ಅದನ್ನು ನೋಡಲು ಜನ ಬರುತ್ತಿದ್ದರು.

ರಾಚಪ್ಪ ಮೊದಲು ಹೋದದ್ದು ಗೋಡೆಗೆ ಗೋಡೆ ಹತ್ತಿದ ಹಿಟ್ಟಿನ ಗಿರಣಿಗೆ. ಗಿರಣಿಯ ಜೈನುದ್ದೀನ ಹುಬ್ಬು ರೆಪ್ಪೆಗಳಿಗೆಲ್ಲ ಜೋಳದ ಹಿಟ್ಟು ಬಳಿದುಕೊಂಡು, ಭಸ್ಮ ಧರಿಸಿದ ಸನ್ಯಾಸಿಯಂತೆ ನಿಂತಿದ್ದ.

“ಜೈನುದ್ದೀನ ಭಾಯ್, ಮಧ್ಯಾಹ್ನ ಗಿರಣಿ ಬಂದ್ ಇಡಬೇಕಲಾ. ನಮ್ಮ ಅನಿಲಂದು ಜರ್ಮನಿಯವರ ಕೂಡ ಮಾತುಕತಿ ಐತಿ.”

“ಇಡೋಣ ಬಿಡ್ರಿ ರಾಚಪ್ಪಣ್ಣ. ಏನ್ ಓದಾಕ ಹೊಂಟಾನ್ರಿ?”

“ಮೆದುಳಿಂದು. ಮಂದಿ ತಲಿ ಒಳಗ ಏನ್ ನಡೀತೈತಿ ಅನ್ನೂದು.”

“ಅದಕ್ಕ ಜರ್ಮನಿತನಾ ಯಾಕ ಹೋಗಬೇಕ್ರಿ? ನಮ್ಮ ಓಣ್ಯಾಗ ಯಾರ ತಲ್ಯಾಗ ಏನೈತಿ ಅನ್ನೂದು ಎಲ್ಲಾರಿಗೂ ಗೊತ್ತೈತಿ,” ಎಂದ ಜೈನುದ್ದೀನ. ಆದರೂ ಮಾತಿಗೆ ತಪ್ಪದೆ, ಊಟದ ಹೊತ್ತಿಗೆ ಯಂತ್ರದ ಪಟ್ಟೆ ಬಿಚ್ಚಿ ಶಟರ್ ಎಳೆದ.

ಅನಂತರ ರಾಚಪ್ಪನ ಆಜ್ಞೆಗಳು ಬಿಟ್ಟ ಕಾಲುವೆಯ ನೀರಿನಂತೆ ಮನೆಮನೆಗೆ ಹರಿದವು. ರೊಟ್ಟಿ ಬಡಿಯುವಂತಿಲ್ಲ. ಒಲೆ ಹಚ್ಚಿದರೆ ಪಾತ್ರೆಯ ಸಪ್ಪಳವಾಗುತ್ತದೆ, ಆದ್ದರಿಂದ ಒಲೆಯೂ ಬೇಡ. ಹೆಂಡತಿ ಜಯಮಾಲಾಳ ಕೈತುಂಬ ಬಳೆ. ಮಗನಿಗಾಗಿ ಬೇಡಿಕೊಂಡು ಬಾ ಎಂದು ಅವಳನ್ನು ಗುಡಿಗೆ ಅಟ್ಟಿದ. ತಾಯಿ ಸಿದ್ದವ್ವನನ್ನು ಹಿಂದಿನ ಕೋಣೆಗೆ ಕಳಿಸಿ, “ಯವ್ವಾ, ನಾ ಬಂದು ಎಬ್ಬಸೂಮಟ ಮಕ್ಕೊಂಡಬಿಡು,” ಎಂದ. ಬಾಗಿಲನ್ನು ಮುಂದಕ್ಕೆ ಎಳೆದು, ಬಿಸಿಲಿಗೆ ಟವೆಲನ್ನು ತಲೆಯ ಮೇಲೆ ಹಾಕಿಕೊಂಡು, ತಾನೇ ಕಟ್ಟೆಯ ಮೇಲೆ ಕಾವಲು ಕುಳಿತ. ಇವನೊಬ್ಬನೇ ಕುಳಿತದ್ದನ್ನು ಕಂಡು ಓಣಿಯ ಹಿರಿಯರು ಒಬ್ಬೊಬ್ಬರಾಗಿ ಬಂದು ಪಕ್ಕಕ್ಕೆ ಸಾಲಾಗಿ ಕುಳಿತರು. ಮಾತಾಡಬಾರದೆಂದು ಕಟ್ಟಪ್ಪಣೆಯಾಗಿದ್ದರಿಂದ ಎಲ್ಲರೂ ನೆಲ ನೋಡುತ್ತಿದ್ದರು.

ಸುಂದರವ್ವ ಬಸವನ ಬಾಗೇವಾಡಿಯ ಸಂತೆ ಮುಗಿಸಿಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು ಓಣಿ ಹೊಕ್ಕದ್ದು ಈ ಹೊತ್ತಿನಲ್ಲಿ. ಅವಳು ಸಿದ್ದವ್ವನ ಎದುರುಮನೆಯವಳು. ಒಂದು ಜೀವಮಾನದ ಗೆಳೆತನ, ಅಷ್ಟೇ ಜೀವಮಾನದ ಜಗಳ. ಸತ್ತವರ ಗುಣಗಳನ್ನು ಎತ್ತಿ ಆಡಿ ಅಳುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಸುತ್ತಲಿನ ಹಳ್ಳಿಗಳವರು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಆ ಓಣಿಯಲ್ಲಿ ಗಿರಣಿ ಹಾಡುಹಗಲೇ ನಿಲ್ಲುವುದು ಎರಡು ಸಂದರ್ಭಗಳಲ್ಲಿ ಮಾತ್ರ. ಒಂದು, ಕರೆಂಟು ಹೋದಾಗ. ಇನ್ನೊಂದು, ಓಣಿಯಲ್ಲಿ ಸಾವಾದಾಗ. ಹೆಣ ಎತ್ತುವವರೆಗೆ ಕಲ್ಲು ತಿರುಗಿಸಬಾರದೆಂಬುದು ಜೈನುದ್ದೀನನ ಅಜ್ಜನ ಕಾಲದಿಂದ ನಡೆದುಬಂದ ಮರ್ಯಾದೆ. ಇದನ್ನು ರಾಚಪ್ಪ ಮರೆತಿದ್ದ. ಸುಂದರವ್ವ ಮರೆತಿರಲಿಲ್ಲ. ಮೂಲೆಯ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿದ್ದುದನ್ನು ಅವಳು ನೋಡಿದಳು. ಮುಚ್ಚಿದ ಶಟರನ್ನು ನೋಡಿದಳು. ಹೊಗೆಯಿಲ್ಲದ ಅಡುಗೆಮನೆ, ತಲೆಯ ಮೇಲೆ ಟವೆಲು ಎಳೆದುಕೊಂಡ ರಾಚಪ್ಪ, ಬಾಯಿ ಬಿಡದ ಗಂಡಸರ ಸಾಲು, ಎಲ್ಲವನ್ನೂ ನೋಡಿದಳು.

“ರಾಚಪ್ಪಾ, ಯವ್ವ ಎಲ್ಲೋ ತಮ್ಮಾ?” ಎಂದು ಮೆಲ್ಲಗೆ ಕೇಳಿದಳು.

ರಾಚಪ್ಪ ಬಾಯಿಯ ಮೇಲೆ ಬೆರಳಿಟ್ಟು, ಒಳಗಡೆ ಕೈ ತೋರಿಸಿ, ಕಣ್ಣು ಮುಚ್ಚಿ ತಲೆ ಒಂದು ಕಡೆ ವಾಲಿಸಿದ. ಮಲಗಿದ್ದಾಳೆ ಎಂದು ಅವನ ಅಭಿಪ್ರಾಯ.

ಸುಂದರವ್ವನ ತಲೆಯ ಮೇಲಿನ ಬುಟ್ಟಿ ಜಾರಿ, ಬದನೆಕಾಯಿಗಳು ಓಣಿಯ ತುಂಬ ಉರುಳಿದವು. ಅವಳು ಅಲ್ಲಿಯೇ ಅಳಲಿಲ್ಲ. ಬಳಗವನ್ನು ಕೂಡಿಸದೆ ಅಳುವುದು ಅವಳ ಪದ್ಧತಿಯಾಗಿರಲಿಲ್ಲ. ಮುದ್ದೇಬಿಹಾಳದಲ್ಲಿದ್ದ ಸಿದ್ದವ್ವನ ತಮ್ಮನಿಗೆ ಫೋನು ಹಚ್ಚಿ, “ನಿಮ್ಮಕ್ಕ ಹೋದಳೋ ಯಪ್ಪಾ,” ಎಂದಳು. ಮೂಲೆಯಲ್ಲಿ ಫ್ಲೆಕ್ಸ್ ಮುದ್ರಿಸುವ ಅಂಗಡಿ ಇಟ್ಟ ಚೇತನಕುಮಾರನಿಗೂ ಸುದ್ದಿ ಮುಟ್ಟಿಸಿದಳು. ಚೇತನಕುಮಾರನ ಕಂಪ್ಯೂಟರಿನಲ್ಲಿ ಶ್ರದ್ಧಾಂಜಲಿಯ ಪಟ ಸದಾ ಸಿದ್ಧವಿರುತ್ತಿತ್ತು, ಫೋಟೋ ಹೆಸರು ಬದಲಿಸಿದರೆ ಮುಗಿಯಿತು. ಸಿದ್ದವ್ವ ಯಾವುದೋ ಮದುವೆಯಲ್ಲಿ ಹೋಳಿಗೆ ತಿನ್ನುತ್ತಿದ್ದ ಫೋಟೋ ಸಿಕ್ಕಿತು. ಹೋಳಿಗೆ ಕತ್ತರಿಸಿ, ಸುತ್ತ ಹೂವಿನ ಚಿತ್ರ ಕೂಡಿಸಿ, ಮೊದಲು ವಾಟ್ಸಾಪಿಗೆ ಹಾಕಿ ಅನಂತರ ಮುದ್ರಿಸಲು ಹಚ್ಚಿದ.

ಗಂಟೆ ಕಳೆದು ಸಂದರ್ಶನದ ಹೊತ್ತಾದಾಗ, ಅತ್ತ ಕೋಣೆಯಲ್ಲಿ ಅನಿಲನ ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂರು ಮುಖಗಳು ಮೂಡಿದ್ದವು. ನಡುವೆ ಇದ್ದ ಬಿಳಿಗೂದಲಿನ ಪ್ರಾಧ್ಯಾಪಕಿ ಇಂಗ್ಲಿಷಿನಲ್ಲಿ ಕೇಳಿದರು: “ಮೆದುಳನ್ನೇ ಏಕೆ ಓದಬೇಕೆನ್ನುತ್ತೀರಿ?”

ಅನಿಲ ಗಿರಣಿಯ ಗೋಡೆಯತ್ತ ಕೈ ತೋರಿಸಿದ. “ನಮ್ಮ ಮನೆಗೆ ಹಿಟ್ಟಿನ ಗಿರಣಿ ಅಂಟಿಕೊಂಡಿದೆ. ನನ್ನ ಅಜ್ಜಿ ಪ್ರತಿ ಮಧ್ಯಾಹ್ನ ಆ ಸದ್ದಿನಲ್ಲಿ ನಿದ್ದೆ ಮಾಡುತ್ತಾಳೆ. ಸದ್ದು ನಿಂತರೆ ಎಚ್ಚರಗೊಳ್ಳುತ್ತಾಳೆ. ಕಿವಿ ಕೇಳುತ್ತಲೇ ಇರುತ್ತದೆ. ಕೇಳಿದ್ದನ್ನು ಬೇಡವೆನ್ನುವುದು ಮೆದುಳು. ಹಾಗೆ ಬೇಡವೆನ್ನುವವರು ಒಳಗೆ ಯಾರು ಎಂಬುದನ್ನು ನಾನು ತಿಳಿಯಬೇಕಾಗಿದೆ.”

ಪ್ರಾಧ್ಯಾಪಕಿ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. ಉಳಿದಿಬ್ಬರೂ ತಲೆದೂಗಿದರು. ಅನಿಲನಿಗೆ ಜರ್ಮನಿಯ ಕೋಣೆ ಅದರ ಚಿಲಕದ ಸಮೇತ ಕಣ್ಣಿಗೆ ಕಟ್ಟಿತು.

ಅವನ ಸಿದ್ಧಾಂತಕ್ಕೆ ಸಾಕ್ಷಿಯೆಂಬಂತೆ, ಹಿಂದಿನ ಕೋಣೆಯಲ್ಲಿ ಸಿದ್ದವ್ವ ಕಣ್ಣು ಬಿಟ್ಟುಕೊಂಡು ತೊಲೆ ಎಣಿಸುತ್ತಿದ್ದಳು. ಗಿರಣಿ ನಿಂತ ಮೇಲೆ ಅವಳಿಗೆ ನಿದ್ದೆ ಹತ್ತಿರಲೇ ಇಲ್ಲ.

ಅಷ್ಟರಲ್ಲಿ ಮುದ್ದೇಬಿಹಾಳದ ಕ್ರೂಸರ್ ಗಾಡಿ ಓಣಿಯ ಬಾಯಿಗೆ ಬಂದು ನಿಂತಿತು. ಕಾಳಿನ ಚೀಲ ಬಿಚ್ಚಿದಂತೆ ಅದರೊಳಗಿನಿಂದ ಜನ ಉದುರಿದರು. ಬಾಯಿಗೆ ಸೆರಗು ಒತ್ತಿಕೊಂಡ ಹೆಂಗಸರ ಮುಂದೆ ಸುಂದರವ್ವ. ಹಿಂದೆ, ಒಣಗದ ಮಸಿಯ ಫ್ಲೆಕ್ಸು ಹಿಡಿದ ಚೇತನಕುಮಾರ.

ಅವರನ್ನು ತಡೆಯಲು ರಾಚಪ್ಪ ಎರಡೂ ಕೈ ಚಾಚಿ ಎದ್ದ. ಸೋದರಮಾವ ಆ ಕೈಗಳೊಳಗೇ ಬಂದು ಅವನನ್ನು ಅಪ್ಪಿಕೊಂಡು ಬಿಕ್ಕಿದ. ಮಾವನ ಹೆಗಲ ಮೇಲಿಂದ ರಾಚಪ್ಪನ ಕಣ್ಣಿಗೆ ಫ್ಲೆಕ್ಸು ಬಿತ್ತು. ತಾಯಿಯ ಮುಖ, ಸುತ್ತಲೂ ಹೂವು, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ತಾನು ಹೊರಗೆ ಕಾವಲಿದ್ದಾಗ ಒಳಗೆ ಇಂಥದ್ದು ನಡೆದುಹೋಯಿತೇ ಎಂದು ಅವನ ಎದೆ ಒಡೆಯಿತು.

“ನನಗ ಯಾರೂ ಹೇಳಲೇ ಇಲ್ಲಲ್ಲೋ ಮಾವಾ,” ಎಂದು ಅವನು ಓಣಿಗೆಲ್ಲ ಕೇಳುವಂತೆ ಗೋಳಿಟ್ಟ.

ಅದರೊಂದಿಗೆ ಕಟ್ಟೆ ಒಡೆಯಿತು. ಪಡಸಾಲೆಯಲ್ಲಿ ಹೆಂಗಸರು ಕುಳಿತು ಎದೆ ಬಡಿದುಕೊಂಡರು. ನಡುವೆ ಸುಂದರವ್ವನ ದನಿ ಏರಿತು:

“ಯಕ್ಕಾ ಸಿದ್ದವ್ವಾ, ನಿನ್ನ ಕೈಯಾನ ಶೇಂಗಾ ಹಿಂಡಿ ಇನ್ನ ಯಾರ ಕೊಡ್ತಾರವ್ವಾ. ಓಣ್ಯಾನ ಬಾಣಂತೇರಿಗೆ ತಾಯಾಗಿದ್ದೆಲ್ಲವ್ವಾ. ನಿನ್ನ ನಗಿಗೆ ಮುನಿದವರೂ ನಗತಿದ್ದರಲ್ಲವ್ವಾ…”

ಕೋಣೆಯಲ್ಲಿ ಅನಿಲನಿಗೂ ಅಳು ಕೇಳಿಸಿತು. ಮೊದಲು ಅವನು ಕೇಳಿಸದವನಂತೆ ನರತಂತುಗಳ ಬಗ್ಗೆ ಹೇಳುತ್ತ ಹೋದ. ಆದರೆ ಅಳುವವರ ನಡುವೆ ತಂದೆಯ ದನಿ ಗುರುತು ಹತ್ತಿದೊಡನೆ ಅವನ ಮಾತು ನಿಂತಿತು.

“ಏನಾಯಿತು?” ಎಂದರು ಪ್ರಾಧ್ಯಾಪಕಿ.

“ನನ್ನ ಅಜ್ಜಿ…” ಎಂದ ಅನಿಲ. ಮುಂದೆ ಹೇಳಲಾಗದೆ ಕಣ್ಣೊರೆಸಿಕೊಂಡ.

ಪರದೆಯ ಮೂವರೂ ತಲೆ ಬಾಗಿಸಿದರು. “ನೀವು ಹೋಗಿ. ಸಂದರ್ಶನಕ್ಕೆ ಇಂದೇ ಕೊನೆಯ ದಿನ, ಬೇರೆ ದಿನ ಕೊಡುವ ಅಧಿಕಾರ ನಮಗಿಲ್ಲ. ಆದರೂ ನೀವು ಹೋಗಬೇಕು,” ಎಂದರು ಪ್ರಾಧ್ಯಾಪಕಿ ಸಂಕಟದಿಂದ. ಅನಿಲನಿಗೆ ಜರ್ಮನಿಗಿಂತ ಅಜ್ಜಿ ದೊಡ್ಡವಳು. ಲ್ಯಾಪ್‌ಟಾಪು ಮುಚ್ಚಲು ಕೈ ಚಾಚಿದ.

ಇತ್ತ ಹಿಂದಿನ ಕೋಣೆಯಲ್ಲಿ ಸಿದ್ದವ್ವ ಗೋಡೆಗೆ ಕಿವಿ ಹಚ್ಚಿ ಕುಳಿತಿದ್ದಳು. ಇದು ತನ್ನ ಮೇಲಿನ ಅಳುವೆಂದು ಅವಳಿಗೆ ಆಗಲೇ ತಿಳಿದಿತ್ತು. ಎದ್ದು ಹೋಗಿ ಹೇಳುವುದು ನ್ಯಾಯ. ಆದರೆ ಬದುಕಿರುವಾಗ ಸುಂದರವ್ವ ಇಷ್ಟು ಒಳ್ಳೆಯ ಮಾತು ಎಂದೂ ಆಡಿರಲಿಲ್ಲ. ಇನ್ನೊಂದಿಷ್ಟು ಕೇಳಿದರೆ ತಪ್ಪೇನು ಎನಿಸಿತು. ಹಿಂಡಿಯ ಹೊಗಳಿಕೆಗೆ ತಲೆದೂಗಿದಳು. ಬಾಣಂತಿಯರ ಮಾತಿಗೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಷ್ಟರಲ್ಲಿ ಸುಂದರವ್ವ ಮುಂದಿನ ಸೊಲ್ಲು ಎತ್ತಿದಳು:

“ಮಸರ ಕಡಿಯಾಕ ಒಯ್ದ ನನ್ನ ಕಡಗೋಲ, ಕೊಡದನ ಹ್ವಾದೆಲ್ಲವ್ವಾ…”

ಸಿದ್ದವ್ವ ಕಿಡಿಯಂತೆ ಎದ್ದಳು. ಪಡಸಾಲೆಗೆ ಹೋಗಲು ಇದ್ದ ದಾರಿ ಅನಿಲನ ಕೋಣೆಯ ಮೂಲಕ. ಧಡಧಡನೆ ಬಂದವಳು ಮೊಮ್ಮಗನ ಹೆಗಲ ಹಿಂದೆ ನಿಂತು, ಬಾಗಿಲ ಕಡೆ ಕೈ ಮಾಡಿ ಕೂಗಿದಳು. “ಕೊಟ್ಟೇನಿ ಅಂತ ಹೇಳ ಆಕಿಗೆ. ಆಕಿ ಸೊಸಿ ಕೈಯಾಗ ಕೊಟ್ಟೇನಿ. ಸತ್ತ ಮ್ಯಾಲೂ ನನ್ನ ಹೆಸರ ಕೆಡಸ್ತಾಳ.”

ಪಡಸಾಲೆಯ ಅಳು ಕತ್ತರಿಸಿದಂತೆ ನಿಂತಿತು. ರಾಚಪ್ಪ ಬಾಗಿಲಲ್ಲಿ ಬಂದು ತಾಯಿಯನ್ನು ನೋಡಿ ಅಲ್ಲಿಯೇ ಕುಸಿದು ಕುಳಿತ.

“ಇವರು ಯಾರು?” ಎಂದಿತು ಪರದೆ.

“ನನ್ನ ಅಜ್ಜಿ,” ಎಂದ ಅನಿಲ.

“ಅವರೇ?”

“ಅವರೇ.”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅನಿಲ, ಬಾಗಿಲಲ್ಲಿ ಇಣುಕಿದವರನ್ನು ಕೇಳಿಕೊಂಡು, ಗಿರಣಿಯ ಮರ್ಯಾದೆಯಿಂದ ಹಿಡಿದು ಕಡಗೋಲಿನವರೆಗೆ ಎಲ್ಲವನ್ನೂ ಹೇಳಿದ. ತನ್ನ ಸೀಟು ಹೋಯಿತೆಂದು ಖಾತ್ರಿಯಾಗಿದ್ದುದರಿಂದ ಬಹಳ ಚೆನ್ನಾಗಿಯೇ ಹೇಳಿದ. ಮೂವರೂ ಮೊದಲು ನಕ್ಕರು. ಆಮೇಲೆ ಏಕೋ ಗಂಭೀರರಾಗಿ, ಧ್ವನಿ ಆರಿಸಿಕೊಂಡು ತಮ್ಮತಮ್ಮಲ್ಲೇ ಮಾತಾಡಿದರು. ಪಡಸಾಲೆಯ ಜನವೆಲ್ಲ ಅಷ್ಟರೊಳಗೆ ಕೋಣೆಗೆ ನುಗ್ಗಿ ಅನಿಲನ ಬೆನ್ನ ಹಿಂದೆ ಗುಂಪುಗೂಡಿತ್ತು.

ಪ್ರಾಧ್ಯಾಪಕಿಯ ಧ್ವನಿ ಮತ್ತೆ ಬಂತು. “ಮಿಸ್ಟರ್ ಅನಿಲ, ಹಲವರು ಕೂಡಿ ಅಳುವಾಗ ಅವರ ಮೆದುಳುಗಳು ಒಂದೇ ಲಯಕ್ಕೆ ಬರುತ್ತವೆಯೇ ಎಂಬುದು ನನ್ನ ಪ್ರಯೋಗಾಲಯದ ಪ್ರಶ್ನೆ. ಸಾವಿನ ಮನೆಗೆ ಯಂತ್ರ ಒಯ್ಯುವುದು ಅಮಾನುಷ. ನಟರ ಅಳು ಸುಳ್ಳು. ನಿಮ್ಮಲ್ಲಿ ಸಾವಿಲ್ಲದೆ ನಿಜವಾದ ಕಣ್ಣೀರು ಬಂದಿದೆ. ನಿಮ್ಮನ್ನು ಆರಿಸಿದ್ದೇವೆ, ಪೂರ್ಣ ವಿದ್ಯಾರ್ಥಿವೇತನದೊಂದಿಗೆ.”

ಅನಿಲನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕನ್ನಡದಲ್ಲಿ ಹೇಳಿದ ಮೇಲೆ ಓಣಿಯವರಿಗೂ ನಿಲ್ಲಲಿಲ್ಲ. ಅಳಲು ಬಂದವರು ಅದೇ ಸೆರಗಿನಲ್ಲಿ ಸಂತೋಷದ ಕಣ್ಣೀರು ಒರೆಸಿಕೊಂಡರು. ಸೋದರಮಾವ, “ಬಂದ ಗಾಡಿ ದಂಡ ಆಗಲಿಲ್ಲ ಬಿಡು,” ಎಂದ.

“ನಾನು ಯಾವಾಗ ಹೊರಟು ಬರಲಿ?” ಎಂದು ಅನಿಲ ಕೇಳಿದ.

“ಬರುವುದೇಕೆ?” ಎಂದರು ಪ್ರಾಧ್ಯಾಪಕಿ. “ಉಪನ್ಯಾಸಗಳನ್ನು ನೀವು ಅಲ್ಲಿಂದಲೇ ಕೇಳುತ್ತೀರಿ. ತಲೆಗೆ ತೊಡಿಸುವ ಉಪಕರಣ ನಾವು ಕಳಿಸುತ್ತೇವೆ. ಎರಡು ವರ್ಷವೂ ನಿಮ್ಮ ಓಣಿಯೇ ನಿಮ್ಮ ಪ್ರಯೋಗಾಲಯ. ನಿಮ್ಮನ್ನು ಅಲ್ಲಿಂದ ಕದಲಿಸಿದರೆ ನಮಗೇ ನಷ್ಟ. ಒಂದೇ ಷರತ್ತು: ಇಷ್ಟೇ ಜನ ಇರಬೇಕು, ಹೀಗೇ ಬಂದು ಅಳುತ್ತಿರಬೇಕು.”

ಪರದೆ ಕಪ್ಪಾಯಿತು. ಅನಿಲ ಬಹಳ ಹೊತ್ತು ಅದರಲ್ಲಿ ತನ್ನ ಮುಖವನ್ನೇ ನೋಡುತ್ತ ಕುಳಿತ. ಸುತ್ತಲೂ ಇಪ್ಪತ್ತು ಮುಖಗಳು ಅದೇ ಪರದೆಯಲ್ಲಿ ಇಣುಕುತ್ತಿದ್ದವು. ಷರತ್ತು ಕನ್ನಡಕ್ಕೆ ಬಂದ ಮೇಲೆ, ಮಗ ಊರಲ್ಲೇ ಉಳಿಯುವನೆಂದು ತಿಳಿದ ರಾಚಪ್ಪ ಅವನ ಬೆನ್ನು ಸವರಿದ. ಸಿದ್ದವ್ವ ಬಂದವರಿಗೆಲ್ಲ ಉಪ್ಪಿಟ್ಟಿಗೆ ಎಸರಿಟ್ಟಳು.

ಮರುದಿನ ಬೆಳಗ್ಗೆ ಅನಿಲ ಕೋಣೆಯ ಬಾಗಿಲು ಹಾಕಿ, ಚಿಲಕ ಜಡಿದು, ಪ್ರಾಧ್ಯಾಪಕಿ ರಾತ್ರಿಯೇ ಕಳಿಸಿದ್ದ ಮೊದಲ ಪಾಠ ತೆರೆದ. ಕಿಟಕಿ ಬಡಿದ ಸಪ್ಪಳವಾಯಿತು. ಸುಂದರವ್ವ ಸರಳುಗಳ ನಡುವೆ ಮುಖ ಇಟ್ಟು ನಿಂತಿದ್ದಳು.

“ಏನ ಮಾಡಾಕತ್ತಿ ತಮ್ಮಾ? ಇವತ್ತ ನಮ್ಮ ಯಜಮಾನರ ಮ್ಯಾಲ ಅಳೂಣಂತ ಮಾಡೇನಿ. ಅವರನ್ನೂ ಕೇಳೇನಿ, ಹೂಂ ಅಂದಾರ. ಮಂದಿ ಎಲ್ಲಾ ಕಟ್ಟಿ ಮ್ಯಾಲ ಕುಂತೈತಿ, ಬಾಗಿಲ ತಗಿ.”