ಭಾವನವರ ಕೈಬ್ರೇಕು ಮತ್ತು ಚಟ್ನಿಯ ಗುಂಡು

ಭೂಮಿ ದುಂಡಗಿದೆ ಎಂಬ ಮಾತನ್ನು ನಮ್ಮ ಭಾವನವರು ಕೊನೆಯವರೆಗೂ ಒಪ್ಪಲಿಲ್ಲ. ಓದಿದವರಲ್ಲವೆಂದೇ? ಛೆ ಛೆ! "ದುಂಡಗಿದ್ದರ ಕಾರು ಎಲ್ಲಿ ನಿಲ್ಲಸಬೇಕಪಾ?" ಎಂಬುದಷ್ಟೇ ಅವರ ತಕರಾರು.

ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೊದಲಿನ ಮಾತು. ಆಗ ನಮ್ಮ ಆದವಾನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ನಾನು ಅಲ್ಲಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತ, ಊಟ ಅಕ್ಕನ ಮನೆಯಲ್ಲಿ. ಅಕ್ಕನ ಗಂಡ ಹತ್ತಿಯ ವ್ಯಾಪಾರಿ. ಬಳ್ಳಾರಿಯ ಡಾಕ್ಟರೊಬ್ಬರು ಬೇಸತ್ತು ಮಾರಿದ, ಬಟ್ಟೆಯ ಚಾವಣಿಯ ಹಳೆಯ ಕಾರೊಂದನ್ನು ಭಾವನವರು ಕೊಂಡು ತಂದರು. ಓಡುವುದಕ್ಕೆ ಅದು ಎಂದೂ ಬೇಸರ ಪಡಲಿಲ್ಲ. ನಿಲ್ಲುವುದೊಂದೇ ಅದಕ್ಕೆ ಒಗ್ಗದ ಕೆಲಸ! ಕಾಲುಬ್ರೇಕು ಒತ್ತಿ ಹಿಡಿದಷ್ಟು ಹೊತ್ತು ಸುಮ್ಮನಿರುತ್ತಿತ್ತು. ನೀವು ಇಳಿದು ಹೊರಟಿರೋ, ತಾನೂ ಹೊರಡುತ್ತಿತ್ತು. ಕೈಬ್ರೇಕಿನ ಹಿಡಿಯನ್ನು ಎಳೆದರೆ ಕಟಕಟಕಟ ಎಂದು ಹಲ್ಲು ಕಡಿಯುತ್ತ ಗದ್ದದವರೆಗೂ ಬರುತ್ತಿತ್ತು. ಗಾಲಿಗೆ ಮಾತ್ರ ಆ ಸುದ್ದಿ ಮುಟ್ಟುತ್ತಲೇ ಇರಲಿಲ್ಲ.

ಹೀಗಾಗಿ ಭಾವನವರು ಕಾರಿನಲ್ಲಿ ಸದಾ ಒಂದು ಹಿತ್ತಾಳೆಯ ಚೊಂಬು ನೀರಿಟ್ಟುಕೊಂಡಿರುತ್ತಿದ್ದರು. ಕುಡಿಯಲಿಕ್ಕೆಂದುಕೊಂಡಿರಾ? ಒಂದು ಕಾಲು ಬ್ರೇಕಿನ ಮೇಲೆ, ಅರ್ಧ ಮೈ ಕಾರಿನಾಚೆ! ಹಾಗೇ ಬಾಗಿ ನೆಲಕ್ಕೆ ನೀರು ಸುರಿಯುವುದು, ಅದು ಯಾವ ಕಡೆ ಹರಿಯುತ್ತದೆಂದು ನೋಡುವುದು. ಜೋರಾಗಿ ಹರಿದರೆ ಆ ಬೀದಿಗೆ ದೊಡ್ಡ ನಮಸ್ಕಾರ. ಕೋಟೆ ಗುಡ್ಡದ ಏರಿನಲ್ಲಿದ್ದ ಬಾಲ್ಯದ ಗೆಳೆಯನ ಮನೆಗೆ, ಕಾರು ಬಂದ ಮೇಲೆ ಅವರು ಕಾಲಿಡಲೇ ಇಲ್ಲ. ಕೆಳಗಿನ ಬೀದಿಯಲ್ಲಿ ನಿಂತು ಹಾರ್ನು ಒತ್ತುವರು, ಆತ ಏದುಸಿರು ಬಿಡುತ್ತ ಇಳಿದು ಬರುವನು.

"ನಡಕೊಂಡ ಹೋಗಬಾರದೇನ್ರಿ ಭಾವ?"

"ಕಾರು ಇಟಗೊಂಡು ನಡಕೊಂಡ ಹೋದ್ರ ಮಂದಿ ಏನಂತಾರಪಾ!"

ಕಾರು ಬಂದ ಮೊದಲ ವಾರ ಈ ಚೊಂಬಿನ ಶಾಸ್ತ್ರ ಇನ್ನೂ ಹುಟ್ಟಿರಲಿಲ್ಲ. ಹತ್ತಿಯ ಪೇಟೆಯಲ್ಲಿ ಭಾವನವರು ಚೌಕಾಸಿ ಮಾಡುತ್ತ ನಿಂತಿದ್ದಾಗ ಹಮಾಲನೊಬ್ಬ ತೆಲುಗಿನಲ್ಲಿ ಕೂಗಿದ: "ಸಾಹುಕಾರ್! ಮೀ ಬಂಡಿ ಪೋತಾಂದಿ!"

ಭಾವನವರು ತಿರುಗಿಯೂ ನೋಡದೆ, "ಯಾರು ಹೊಡಕೊಂಡು ಹೊಂಟಾರ?" ಎಂದರು.

"ಎವುರೂ ಲೇರು ಸಾಮೀ!"

ಹೌದು, ಒಳಗೆ ನರಪಿಳ್ಳೆಯೂ ಇರಲಿಲ್ಲ. ಕಾರು ಗಂಭೀರವಾಗಿ, ಯಾರಿಗೂ ತೊಂದರೆ ಕೊಡದೆ, ಪೇಟೆಯ ಉದ್ದಕ್ಕೂ ನಡೆದುಹೋಗಿ, ಅರಳೆಯ ರಾಶಿಯೊಂದರಲ್ಲಿ ಮೂಗು ಹುಗಿದು ಮಲಗಿಕೊಂಡಿತು. "ನೋಡಪಾ, ಹತ್ತಿ ವ್ಯಾಪಾರಿ ಕಾರು. ಹತ್ತಿ ಎಲ್ಲೈತಿ ಅಂತ ಅದಕ್ಕ ಗೊತ್ತು!" ಎಂದು ಭಾವನವರು ಬೀಗಿದರು.

ಈಗ ಅಕ್ಕನ ಅತ್ತೆಯ ವಿಷಯ. ಭಾವನವರ ತಾಯಿ ಕೆಮ್ಮಿದರೆ ಓಣಿಯ ನಾಯಿಗಳೂ ಬಾಲ ಮಡಿಸುತ್ತಿದ್ದವು. ಆ ಮನೆಯ ಸೊಸೆಯರಿಗೆ ತಲೆಬಾಗಿಲ ಹೊಸ್ತಿಲೇ ಗಡಿ. ಪಂಚಮಿಗೆ ತವರಿಗೆ ಹೋಗಿಬಂದರೆ ಮತ್ತೆ ಮುಂದಿನ ಪಂಚಮಿಯೇ. ನಮ್ಮಕ್ಕನೋ ನಾಗಲದಿನ್ನೆಯವಳು, ತುಂಗಭದ್ರೆಯಲ್ಲಿ ಮೀನಿನ ಜೊತೆ ಮೀನಾಗಿ ಬೆಳೆದವಳು. ಮದುವೆಯಾದ ಮೇಲೆ, ಪಂಚಮಿಯ ನಾಲ್ಕು ದಿನ ಬಿಟ್ಟರೆ, ಆಕೆ ಕಂಡ ನೀರೆಂದರೆ ಹಿತ್ತಲ ಬಾವಿಯದು.

ಅರಳೆಯ ಪ್ರಸಂಗವಾದ ಮೇಲೆ ಗಾಲಿಗೆ ಕಲ್ಲು ಕೊಡುವುದೆಂದು ತೀರ್ಮಾನವಾಯಿತು. ಆದವಾನಿಯಲ್ಲಿ ಕಲ್ಲಿಗೆ ಬರವೇ? ಎಲ್ಲಿ ನೋಡಿದರಲ್ಲಿ ಬಂಡೆ! ಆದರೆ ಭಾವನವರು ನೆಟ್ಟಗೆ ಅಡುಗೆಮನೆಗೆ ಹೋಗಿ ಚಟ್ನಿ ಅರೆಯುವ ಹಳೆಯ ಗುಂಡನ್ನು ಎತ್ತಿಕೊಂಡು ಬಂದರು.

ಅತ್ತೆ ಗುಡುಗಿದರು: "ಅಡಗಿಮನಿ ಗುಂಡು ಕಂಡಕಂಡವರ ಕೈಯಾಗ ಕೊಡ್ತೀಯೇನೋ? ಅದನ್ನ ಮನಿ ಹೆಣ್ಣುಮಕ್ಕಳು ಬಿಟ್ಟು ಯಾರೂ ಮುಟ್ಟಂಗಿಲ್ಲ!"

"ಹಂಗಾರ ಮನಿ ಹೆಣ್ಣುಮಕ್ಕಳೇ ಬರಬೇಕಾಕೈತಿ, ಅವ್ವಾ," ಎಂದರು ಭಾವನವರು ತಲೆ ತಗ್ಗಿಸಿ.

ತಾವೇ ಹಾಕಿದ ಕಟ್ಟಳೆ ತಮ್ಮೆದುರಿಗೇ ಬಂದು ಕೂತರೆ ಯಾರೇನು ಮಾಡಿಯಾರು? ಅಕ್ಕ ಗುಂಡನ್ನು ಮಡಿಲಲ್ಲಿಟ್ಟುಕೊಂಡು ಕಾರು ಹತ್ತಿದಳು.

ಅದೇನು ಸುಲಭದ ಕೆಲಸವೆಂದುಕೊಳ್ಳಬೇಡಿ. ಗುಂಡನ್ನು ಅಡ್ಡ ಇಟ್ಟರೆ ಗಾಲಿ ನಿಲ್ಲುತ್ತದೆ. ಉದ್ದ ಇಟ್ಟರೆ ಗುಂಡೂ ಗಾಲಿಯ ಜೊತೆ ಊರು ನೋಡಲು ಹೊರಡುತ್ತದೆ! ಅಕ್ಕನ ಕೈಗೆ ಆ ಹದ ಬೇಗ ಕೂತಿತು. ಭಾವನವರು "ಹಾಂ, ಇಡು!" ಎನ್ನುವಷ್ಟರಲ್ಲಿ ಇಟ್ಟಾಗಿರುತ್ತಿತ್ತು. ಹೀಗೆ ಆಕೆ ಮದ್ದಿಕೇರದ ಶೇಂಗಾ ಹೊಲ ನೋಡಿದಳು, ಊರೂರಿನ ಸಂತೆ ನೋಡಿದಳು. ತಲೆತುಂಬ ಧೂಳು ಹೊತ್ತು ಬಂದು ವಾರವೆಲ್ಲ ಅದರ ಕಥೆ ಹೇಳುತ್ತಿದ್ದಳು.

ಚಿಪ್ಪಗಿರಿಯಲ್ಲಿ ಒಂದು ಮಜಾ ಆಯಿತು. ಅಕ್ಕ ಅಡುಗೆಮನೆಯ ಅಭ್ಯಾಸದಂತೆ ಗುಂಡಿಗೆ ನೀರು ಹಾಕಿ ತೊಳೆದು ಗಾಲಿಗೆ ಕೊಟ್ಟು, ಭಾವನವರೊಂದಿಗೆ ರೈತರೊಬ್ಬರ ಮನೆಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಗುಂಡಿಗೆ ವಿಭೂತಿ, ಕುಂಕುಮ, ಮೇಲೊಂದು ಕಣಗಿಲೆ ಹೂ! ಒಡೆದ ತೆಂಗಿನಕಾಯಿ ಹಿಡಿದು ಮುದುಕಿಯೊಬ್ಬಳು ಕಣ್ಣು ಮುಚ್ಚಿ ನಿಂತಿದ್ದಾಳೆ.

"ಯವ್ವಾ, ಅದು ನಮ್ಮನಿ ಚಟ್ನಿ ಗುಂಡು," ಎಂದರು ಭಾವನವರು.

ಮುದುಕಿ ಕಣ್ಣು ತೆರೆಯದೆ ಹೇಳಿದಳು: "ಎಲ್ಲಾ ದೇವರೂ ಮೊದಲು ಕಲ್ಲೇ ಇದ್ವಪ್ಪಾ. ಇಷ್ಟು ದೊಡ್ಡ ಕಾರು ನಿಲ್ಲಿಸ್ಯಾನ, ನನ್ನ ಮೊಮ್ಮಗನ ಜ್ವರ ನಿಲ್ಲಸಂಗಿಲ್ಲೇನು?"

ಗುಂಡನ್ನು ಅಲ್ಲಿಯೇ ಬಿಟ್ಟು ಬಂದರು. ಮನೆಯಲ್ಲಿ ಅತ್ತೆ, "ಗುಂಡೆಲ್ಲಿ?" ಎಂದರೆ ಭಾವನವರು, "ದೇವರಾತವ್ವಾ," ಎಂದು ಕೈಮುಗಿದರು. ಅಂದಿನಿಂದ ದಿನಬಳಕೆಯ ಗುಂಡೇ ಕಾರು ಹತ್ತಿತು. ಕಾರು ಮನೆಯಲ್ಲಿದ್ದರೆ ಚಟ್ನಿ, ಇಲ್ಲದಿದ್ದರೆ ಉಪ್ಪಿನಕಾಯಿ!

ಎರಡು ವರ್ಷ ಹೀಗೆ ನಡೆಯಿತು. ಕೆಡಿಸಿದ ಮಹಾನುಭಾವ ನಾನೇ. ಕಚೇರಿಯಲ್ಲಿ ಗೆಳೆಯರು, "ನಿಮ್ಮ ಭಾವನ ಕಾರಿಗೆ ನಿಮ್ಮಕ್ಕನೇ ಬ್ರೇಕಂತಲ್ರಿ!" ಎಂದು ನಗುತ್ತಿದ್ದರು. ನನ್ನ ಹೊಸ ಮೀಸೆಗೆ ಅದನ್ನು ತಡೆಯಲಾಗಲಿಲ್ಲ. ಭಾವನವರನ್ನು ಕೇಳಿದೆ: "ಗೇರಿನಾಗ ಹಾಕಿ ನಿಲ್ಲಸಬಹುದಂತಲ್ರಿ?"

"ಗೇರೂ ದಣದಿರತೈತೆಪಾ. ಅದರ ನಿದ್ದಿ ಯಾಕ ಕೆಡಸ್ತಿ?"

ಅವರು ಹತ್ತಿಯ ಕೆಲಸಕ್ಕೆ ರೈಲು ಹತ್ತಿ ಮುಂಬಯಿಗೆ ಹೋದದ್ದೇ ತಡ, ನಾನು ಕಾರು ರಿಪೇರಿಯ ಮಿಸ್ತ್ರಿ ಸಾಹೇಬರನ್ನು ಕರೆತಂದೆ. ಅವರು ಹಿಂದಿನ ಗಾಲಿಗಳನ್ನು ಜಾಕಿನ ಮೇಲೆತ್ತಿ, ಕಾರಿನಡಿ ನುಸುಳಿ, ಬ್ರೇಕಿನ ಸರಳಿನ ತುದಿಯ ನಟ್ಟನ್ನು ಪಾನಾದಿಂದ ನಾಲ್ಕು ಸುತ್ತು ಬಿಗಿದರು. ಗಾಲಿ ತಿರುಗಿಸಿ ನೋಡಿದರು, ಎಲ್ಲೂ ತಿಕ್ಕಲಿಲ್ಲ. ಹಿಡಿ ಎಳೆದರು, ಐದನೆಯ ಕಟ್‌ಗೆ ಗಾಲಿ ಗಪ್ಪೆಂದು ಹಿಡಿಯಿತು. ನಾನು ತರಿಸಿದ ಚಹಾ ಇನ್ನೂ ಆರಿರಲಿಲ್ಲ!

"ಒಂದು ತಮಾಷಾ ಐತಿ ಸಾಬ್," ಎಂದರು ಮಿಸ್ತ್ರಿ. "ಈ ನಟ್ ಮ್ಯಾಲೆ ಪಾನಾದ ಗುರುತು ತಾಜಾ ಐತಿ. ಕೋಯಿ ಬೇಕಂತ ಸಡಲ ಮಾಡ್ಯಾರ."

"ಬಳ್ಳಾರಿ ಡಾಕ್ಟರೇ ಇರಬೇಕು," ಎಂದೆ. ನನ್ನ ಬುದ್ಧಿ ನೋಡಿ!

ಭಾವನವರು ಬಂದ ದಿನ ಇಳಿಜಾರಿನ ಓಣಿಯಲ್ಲಿ ಕಾರು ನಿಲ್ಲಿಸಿ ತೋರಿಸಿದೆ. ಕದಲಲಿಲ್ಲ. ಅವರ ಮುಖ ಸುಟ್ಟ ಬದನೆಕಾಯಿಯಾಯಿತು. "ಭಾಳ ಚಲೋ ಕೆಲಸ ಮಾಡಿದೆಪಾ," ಎಂದರು. ಅಕ್ಕ ಗುಂಡನ್ನು ಕಾರಿನಿಂದ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಭಾವನವರು ಒಬ್ಬರೇ ಹೋದರು, ಒಬ್ಬರೇ ಬಂದರು. ಮನೆಯಲ್ಲಿ ದಿನವೂ ಚಟ್ನಿ. ಅಷ್ಟು ಸಪ್ಪಗಿನ ಚಟ್ನಿಯನ್ನು ನಾನು ಜನ್ಮದಲ್ಲಿ ತಿಂದಿಲ್ಲ. ಒಂದು ದಿನ ಬಡಿಸುತ್ತ ಅಕ್ಕ ಕೇಳಿದಳು: "ಹೊಳಿಗೆ ಹೊಸ ನೀರು ಬಂದಾವಂತೇನೋ?" ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಅಯ್ಯೋ ಹುಚ್ಚಪ್ಪಾ, ನಾನು ಬಿಗಿಸಿದ್ದು ಕಾರಿನ ನಟ್ಟನ್ನಲ್ಲ, ಇವಳ ಬಾಗಿಲನ್ನು!

ಮರುದಿನ ಬೆಳಿಗ್ಗೆ ಮಿಸ್ತ್ರಿಯಿಂದ ಪಾನಾ ಇಸಿದುಕೊಂಡು ಓಡಿದೆ. ಭಾವನವರು ನಾಗಲದಿನ್ನೆಗೆ ಹೊರಟು ಕಾರು ಒರೆಸುತ್ತಿದ್ದರು. ಪಕ್ಕದ ಕಟ್ಟೆಯ ಮೇಲೆ ಅತ್ತೆ!

"ಏನಪಾ, ಪಾನಾ ಹಿಡಕೊಂಡು ಬಂದಿ?"

"ಅದು... ಸುಮ್ಮನ... ನಟ್ಟು ನೋಡಾಕ..."

"ಒಳಗಿಡು. ನನ್ನ ಮಗ ಕಾರಿನ ಬುಡಕ ಹೊಕ್ಕು ಸಡಲ ಮಾಡೂದು ಎರಡು ವರ್ಷದಿಂದ ನೋಡೀನಿ. ನೀನೂ ಅದನ್ನ ಕಲೀಬ್ಯಾಡ."

ಭಾವನವರ ಕೈಯ ಅರಿವೆ ಕೆಳಗೆ ಬಿತ್ತು. ಅತ್ತೆ ಒಳಗೆ ತಿರುಗಿ ಕೂಗಿದರು: "ಏ ಸೊಸಿ! ಗುಂಡು ತಗೊಂಡು ಬಾ. ಮಿಸ್ತ್ರಿ ಬಿಗಿದದ್ದು ಎಷ್ಟು ದಿನ ಬಾಳತೈತಿ? ನನ್ನ ಮೊಣಕಾಲಿಗೆ ಎಷ್ಟು ಮಂದಿ ಔಷಧ ಕೊಟ್ರು, ನೋವು ನಿಂತೈತೇನು?"

ಅಕ್ಕ ಗುಂಡು ಹಿಡಿದು ಓಡಿಬಂದಳು. ಅತ್ತೆ ಎಲ್ಲೋ ನೋಡುತ್ತ, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ ಹೇಳಿದರು: "ಬರೂವಾಗ ನನಗೊಂದು ಚೊಂಬು ಹೊಳಿ ನೀರು ತಾರವ್ವಾ. ನಾನೂ ಆ ದಂಡಿ ಊರಾಕಿನ. ನಮ್ಮವ್ವ ಹೋದ ಮ್ಯಾಲೆ ಆ ಕಡಿ ಹೋಗಿಲ್ಲ."

ಭಾವನವರು ಕಾರಿನ ಹಿಂದಿನ ಬಾಗಿಲು ತೆರೆದರು. "ಹಿಂದಿನ ಗಾಲಿ ಎರಡು ಅದಾವ ಅವ್ವಾ, ಗುಂಡು ಹಿಡಿಯಾಕಿ ಒಬ್ಬಾಕಿ. ಇನ್ನೊಂದಕ್ಕ ಯಾರು?"

ಅತ್ತೆ ಗೊಣಗುತ್ತಲೇ ಕಾರು ಹತ್ತಿದರು, ಹಿಂದೆಯೇ ನಾನೂ ಹತ್ತಿದೆ. ನೆರೆಮನೆಯಿಂದ ಇನ್ನೊಂದು ಗುಂಡು ತರಿಸಿದೆವು. ಆ ದಿನ ಎರಡು ಮನೆಗೆ ಚಟ್ನಿಯಿಲ್ಲ!

ನಾಗಲದಿನ್ನೆಯ ದಂಡೆಯಲ್ಲಿ ಐದನೆಯ ಕಟ್‌ಗೇ ಗಟ್ಟಿಯಾಗಿ ನಿಂತಿದ್ದ ಕಾರಿಗೆ ಅತ್ತೆ ಸೊಸೆ ಇಬ್ಬರೂ ಒಂದೊಂದು ಗುಂಡು ಕೊಟ್ಟರು. ಆಮೇಲೆ ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು, ಸೊಸೆಯ ಹೆಗಲು ಊರಿಕೊಂಡು, ಮೊಣಕಾಲುದ್ದ ನೀರಿಗೆ ಇಳಿದರು. ಅಕ್ಕ ಏನೋ ಅಂದಳು. ಇಬ್ಬರೂ ನಕ್ಕದ್ದು ದಂಡೆಯವರೆಗೂ ಕೇಳಿಸಿತು. ಭಾವನವರು ಕಾರಿಗೆ ಒರಗಿ ನೋಡುತ್ತಲೇ ಇದ್ದರು. ಆಮೇಲೆ, ಹಳೆಯ ಚಟ ನೋಡಿ, ಚೊಂಬಿನ ನೀರನ್ನು ನೆಲಕ್ಕೆ ಸುರಿದರು.

ಅದು ಮರಳಿನ ಮೇಲೆ ಮೆಲ್ಲಗೆ ದಾರಿ ಮಾಡಿಕೊಂಡು, ಅವರಿಬ್ಬರಿದ್ದ ಕಡೆಗೇ ಹರಿಯಿತು.