ಶಾಂಘೈಗೆ ಹೊರಟವನಿಗೆ ನಾನು ಹೇಳಿದ ಬುದ್ಧಿ

ಒಂದು ಸಲ ಪರದೇಶಕ್ಕೆ ಹೋಗಿಬಂದವನು ಪೂರ್ತಿ ವಾಪಸು ಬರುವುದೇ ಇಲ್ಲ. ಬರಲು ಊರಿನವರು ಬಿಡುವುದೂ ಇಲ್ಲ. ಹದಿನೈದು ವರ್ಷದ ಹಿಂದೆ ನಾನು ಯಾವುದೋ ವಿಚಾರಸಂಕಿರಣಕ್ಕೆಂದು ಐದು ದಿನ ಶಾಂಘೈಗೆ ಹೋಗಿದ್ದೆ. ಅಂದಿನಿಂದ ಚಿತ್ರದುರ್ಗದ ನಮ್ಮ ಬೀದಿಗೆ ನಾನೇ ಚೀನಾ. ಮಕ್ಕಳ ಆಟಿಕೆ ಮುರಿದರೂ, ಟಾರ್ಚು ಕೆಟ್ಟರೂ “ಏನ್ ಸಾರ್, ನಿಮ್ಮೋರು ಹಿಂಗೆ ಮಾಡಿದಾರೆ” ಎಂದು ನನ್ನನ್ನೇ ಹಿಡಿಯುತ್ತಾರೆ. ನಾನು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಕೋಟೆಯ ಮಾರ್ಗದರ್ಶಿಗಳು ರಸವತ್ತಾಗಿ ಕಥೆ ಹೇಳುತ್ತಿರುವಾಗ ಹಿಂದಿನಿಂದ “ಇದಕ್ಕೆ ಆಧಾರ ಎಲ್ಲಿದೆ?” ಎಂದು ಕೇಳಿ, ಪ್ರವಾಸಿಗರ ಸಂತೋಷವನ್ನೂ ಮಾರ್ಗದರ್ಶಿಗಳ ಹೊಟ್ಟೆಪಾಡನ್ನೂ ಒಟ್ಟಿಗೇ ಕೆಡಿಸಿದವನು. ಆದರೆ ಶಾಂಘೈ ವಿಷಯದಲ್ಲಿ ನನ್ನನ್ನು ಯಾರೂ ಆಧಾರ ಕೇಳಿರಲಿಲ್ಲ. ನಾನಂತೂ ಕೇಳಿಕೊಂಡಿರಲಿಲ್ಲ.

ಹೋದ ತಿಂಗಳು ನನ್ನ ಹೆಂಡತಿ ಜಯಮ್ಮನ ತಮ್ಮ ತಿಪ್ಪೇಶ ಬಂದ. ಐಮಂಗಲದ ಹತ್ತಿರ ಕುರಿ ಸಾಕಿ ಕಂಬಳಿ ನೇಯುವ ಮನೆತನ ಅವರದು. ಉಣ್ಣೆ ಹಿಂಜುವ ಯಂತ್ರವೊಂದನ್ನು ಕಣ್ಣಾರೆ ನೋಡಿ ಒಪ್ಪಿಕೊಂಡು ಬರಲೆಂದು ಹತ್ತು ಮನೆಯವರು ಸೇರಿ ಅವನನ್ನು ಶಾಂಘೈಗೆ ಕಳಿಸುತ್ತಿದ್ದರು. ಅವನೋ ಬೆಂಗಳೂರಿನಿಂದ ಆಚೆಗೆ ಕಾಲಿಟ್ಟವನಲ್ಲ. “ಭಾವ, ಅಲ್ಲಿ ಹೆಂಗಿರಬೇಕು ಹೇಳ್ರಿ. ನೀವು ಹೇಳಿದಂಗೇ ಇರ್ತೀನಿ” ಎಂದು ಎದುರಿಗೆ ಕುಳಿತ.

ನನಗೆ ಅಷ್ಟೇ ಸಾಕಾಯಿತು. ಅಲ್ಲಿ ಎಲ್ಲೆಲ್ಲೂ ಬಿಸಿನೀರು ಸಿಗುತ್ತದೆ, ಫ್ಲಾಸ್ಕು ಒಯ್ಯಿ, ತಣ್ಣೀರು ಕೇಳಿದರೆ ಕನಿಕರದಿಂದ ನೋಡುತ್ತಾರೆ ಎಂದೆ. ಬ್ಯಾಟರಿ ಸ್ಕೂಟರುಗಳು ಬೆಕ್ಕಿನಂತೆ ಸದ್ದಿಲ್ಲದೆ ಬೆನ್ನಿಗೆ ಬರುತ್ತವೆ, ನೋಡಿ ದಾಟು ಎಂದೆ. ರಸ್ತೆ ಬದಿಯಲ್ಲಿ ಸುಟ್ಟ ಗೆಣಸು ಮಾರುವವಳೂ ನೋಟು ಬೇಡ, ಮೊಬೈಲು ತೋರಿಸು ಅನ್ನುತ್ತಾಳೆ, ಆ ಆ್ಯಪನ್ನು ಇಲ್ಲೇ ಹಾಕಿಸಿಕೋ ಎಂದೆ. (ಇದು ಮೊನ್ನೆ ಯಾವುದೋ ವಿಡಿಯೋದಲ್ಲಿ ನೋಡಿದ್ದು. ಹೇಳುವಾಗ ಮಾತ್ರ ಗೆಣಸಿನ ಬಿಸಿ ನನ್ನ ಬಾಯಲ್ಲೇ ಇತ್ತು.) ನೆಲದಡಿಯ ರೈಲಿನಲ್ಲಿ ನಾನು ಹನ್ನೊಂದು ಸಲ ಓಡಾಡಿದ್ದನ್ನು ಹೇಳಿದೆ. “ಮುಖ್ಯವಾದ ಮಾತು, ಅಲ್ಲಿ ಯಾರು ಏನು ಮಾಡು ಅಂದರೂ ವಾದ ಹಾಕಬೇಡ, ಮಾಡಿಬಿಡು” ಎಂದೆ. ಕೊನೆಗೆ, ಹಳೆಯ ನಿಘಂಟಿನೊಳಗೆ ಜೋಪಾನ ಮಾಡಿದ್ದ ಒಂದು ಕಾರ್ಡು ತೆಗೆದೆ. ತುಂಬ ಚೀನೀ ಅಕ್ಷರ, ಮೂಲೆಯಲ್ಲೊಂದು ಬಿಳಿ ಹೂಮೊಗ್ಗು. “ನಾನು ಇಳಿದಿದ್ದ ಹೋಟೆಲಿನದು. ಫೋನು ಕೈಕೊಟ್ಟರೆ ಟ್ಯಾಕ್ಸಿಯವನಿಗೆ ಇದನ್ನು ತೋರಿಸು. ಬಂಗಾರದಂಥ ಜನ, ಮುಂದಿನ ದಾರಿ ಅವರೇ ತೋರಿಸುತ್ತಾರೆ. ಇಳಿದ ಕೂಡಲೇ ವಾಟ್ಸಾಪ್ ಮಾಡು.” ತಿಪ್ಪೇಶ ಕಾರ್ಡನ್ನು ಕಣ್ಣಿಗೊತ್ತಿಕೊಂಡು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡ.

ಅವನು ಹೋದ. ಮೆಸೇಜು ಬರಲಿಲ್ಲ. ಒಂದು ದಿನ, ಎರಡು ದಿನ. ಮಗಳಿಗೆ ಫೋನು ಮಾಡಿದರೆ ಅವಳು ನಕ್ಕಳು: “ಅಪ್ಪಾ, ಅಲ್ಲಿ ವಾಟ್ಸಾಪ್ ನಡೆಯೋದೇ ಇಲ್ಲ.”

ಜಯಮ್ಮ ನನ್ನನ್ನೇ ನೋಡಿದಳು. “ಹೋಗಿಬಂದೋರು ನೀವಲ್ವಾ? ನಿಮಗೆ ಗೊತ್ತಿರ್ಲಿಲ್ವಾ?”

“ಆಗ ವಾಟ್ಸಾಪ್ ಎಲ್ಲಿತ್ತು?” ಎಂದೆ.

“ಆಗ ಇಲ್ದೇ ಇರೋದನ್ನ ಈಗ ಯಾಕೆ ಹೇಳಿದ್ರಿ? ಹತ್ತು ಮನೆಯೋರು ನನಗೆ ಫೋನ್ ಮಾಡ್ತಾ ಅವ್ರೆ. ನನ್ ತಮ್ಮ ಎಲ್ಲವ್ನೋ ಏನೋ.”

ಅಂದಿನಿಂದ ನಾನು ಮನೆಯಲ್ಲಿ ಕೂರಲಿಲ್ಲ. ನಡುಮನೆಯಿಂದ ಗೇಟು, ಗೇಟಿನಿಂದ ನಡುಮನೆ. ಚಡಪಡಿಕೆ ಹೆಚ್ಚಿದರೆ ನನ್ನ ನಾಲಿಗೆ ತಾನಾಗಿ ಎಡದವಡೆಯ ಖಾಲಿ ಜಾಗಕ್ಕೆ ಹೋಗುತ್ತದೆ. ಎಂದೋ ದಾವಣಗೆರೆಯಲ್ಲಿ ಕೀಳಿಸಿದ ಹಲ್ಲು. ಹೀಗೆ ಓಡಾಡುತ್ತ, ಬೇರೆ ಸಲಹೆಗಳಾದರೂ ನಿಜವೇ ಎಂದು ನೆನಪನ್ನು ಕೆದಕಿದೆ. ನೆಲದಡಿಯ ರೈಲನ್ನು ನೆನೆದೆ. ಸ್ಪಷ್ಟವಾಗಿ ಕಂಡಿತು: ಜನರ ನಡುವೆ ಕಂಬಿ ಹಿಡಿದು, ನೀಲಿ ಸ್ವೆಟರು ಹಾಕಿಕೊಂಡು ನಾನು ನಿಂತಿದ್ದೇನೆ. ಆದರೆ ಕಾಣುತ್ತಿರುವುದು ನನ್ನ ಬೆನ್ನು! ತನ್ನ ಬೆನ್ನನ್ನು ತಾನು ನೋಡಿಕೊಂಡ ಸಾಕ್ಷಿಯನ್ನು ಯಾವ ಇತಿಹಾಸಕಾರ ಒಪ್ಪುತ್ತಾನೆ? ಅದಿರಲಿ, ನನಗೆ ನೀಲಿ ಸ್ವೆಟರು ಎಂದೂ ಇರಲಿಲ್ಲ. ಇದ್ದದ್ದು ನನ್ನ ಜೊತೆ ಬಂದಿದ್ದ ಹೊಳಲ್ಕೆರೆಯ ಸಹೋದ್ಯೋಗಿಗೆ. ಪಾಸ್‌ಪೋರ್ಟು ತೆಗೆದು ನೋಡಿದೆ. ಶಾಂಘೈ ಮುದ್ರೆ ಇತ್ತು. ಹೋಗಿದ್ದು ನಿಜ. ಹೋಗಿ ಏನು ಮಾಡಿದೆ ಎಂದು ಮುದ್ರೆ ಹೇಳುವುದಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಯಾವುದೋ ಉದ್ದದ ನಂಬರಿನಿಂದ ಕರೆ ಬಂತು. ಜಯಮ್ಮ ಸ್ಪೀಕರಿಗೆ ಹಾಕಿದಳು.

“ಅಕ್ಕ, ನಾನು ತಿಪ್ಪೇಶ. ಆರಾಮಿದೀನಿ. ಮಿಷನ್ನು ನೋಡ್ದೆ, ನಮ್ ಉಣ್ಣೆ ಹಾಕ್ಸೇ ನೋಡ್ದೆ, ಹೂವಿನಂಗೆ ಬಂತು. ಇದು ಮಿಷನ್ನಿನೋರ ಫೋನು.”

“ಲೇ, ಮೂರು ದಿನ ಎಲ್ಲಿ ಸತ್ತಿದ್ದೆ?” ಎಂದು ಬೈಯುತ್ತಲೇ ಜಯಮ್ಮ ಕಣ್ಣೊರೆಸಿಕೊಂಡಳು.

“ಫೋನು ಕೆಲಸ ಮಾಡ್ಲಿಲ್ಲ ಅಕ್ಕ. ಭಾವ ಕೊಟ್ಟ ಕಾರ್ಡು ತೋರಿಸ್ದೆ. ದೊಡ್ಡ ಬಿಳೀ ಕಟ್ಟಡ. ಒಳಗೆ ಹೋದೇಟಿಗೆ ಕುರ್ಚಿ ಮೇಲೆ ಮಲಗಿಸಿ, ದೀಪ ಹಾಕಿ, ಬಾಯಿ ತೆಗಿ ಅಂದ್ರು. ತೆಗದೆ.”

“ಯಾಕಪ್ಪ ತೆಗೆದೆ?” ಎಂದೆ.

“ವಾದ ಹಾಕಬೇಡ ಅಂದಿದ್ರಲ್ಲ ಭಾವ. ಸಂತೆಯಾಗೆ ಕುರಿ ಕೊಳ್ಳೋ ಮುಂಚೆ ನಾವು ಹಲ್ಲು ನೋಡಲ್ವಾ? ಇಲ್ಲಿ ಹೋಟ್ಲಿಗೆ ಬಂದೋರಿಗೂ ಹಂಗೇ ವಯಸ್ಸು ನೋಡ್ತಾರೇನೋ ಅಂದ್ಕಂಡೆ. ಎಲ್ಲಾ ಹಲ್ಲೂ ಎಣಿಸಿ, ಆಮೇಲೆ ಒಬ್ಬಮ್ಮ ಫೋನಿನಾಗೆ ತನ್ ಮಾತ್ನ ಕನ್ನಡಕ್ಕೆ ತಿರುಗಿಸಿ ಕೇಳಿದ್ಲು: ‘ನಿನ್ನ ಹಲ್ಲು ಗಟ್ಟಿ ಐತೆ, ಯಾಕೆ ಬಂದೆ?’ ಅದು ಹಲ್ಲಿನ ಆಸ್ಪತ್ರೆ ಭಾವ! ಕಾರ್ಡಿನ ಮೂಲೆಯಾಗೆ ಮೊಗ್ಗಿನಂಗೆ ಕಾಣೋದು ಹಲ್ಲು! ಆದ್ರೆ ನೀವು ಹೇಳಿದ್ದು ಖರೆ, ಬಂಗಾರದಂಥ ಜನ. ಬಿಸಿನೀರು ಕೊಟ್ಟು, ನನ್ ಹೋಟ್ಲು ಹುಡುಕಿ ಅವ್ರೇ ಕಳಿಸಿದ್ರು.”

ಜಯಮ್ಮ ಹಣೆ ಚಚ್ಚಿಕೊಂಡಳು. “ಈಗ ನೆನಪಾಯ್ತು ನೋಡ್ರಿ! ಚೀನಾದಿಂದ ಬಂದಾಗ ನಿಮ್ ದವಡೆ ಊದಿತ್ತು. ಒಂದು ವಾರ ಅಂಬ್ಲಿ ಕುಡಿಸಿಲ್ವಾ ನಾನು?”

ನಾಲಿಗೆ ತನ್ನ ಜಾಗಕ್ಕೆ ಹೋಯಿತು. ಆಗ ಎಲ್ಲವೂ ನೆನಪಾಯಿತು, ಈ ಸಲ ಬೆನ್ನಿನ ಕಡೆಯಿಂದಲ್ಲ: ದಾವಣಗೆರೆಯಲ್ಲಲ್ಲ, ಆ ಬಿಳಿ ಕಟ್ಟಡದಲ್ಲೇ ಹಲ್ಲು ಕೀಳಿಸಿಕೊಂಡದ್ದು, ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಹೋಟೆಲಿನ ಹಾಸಿಗೆಯಲ್ಲಿ ಮಲಗಿದ್ದು, ಸಂಜೆ ಸಂಜೆ ನೀಲಿ ಸ್ವೆಟರಿನವನು ಬಂದು ಅಂದು ನೋಡಿದ್ದನ್ನೆಲ್ಲ ಕೈಬೀಸಿ ವರ್ಣಿಸಿದ್ದು, ವರ್ಷ ಕಳೆದಂತೆ ಅದು ಸದ್ದಿಲ್ಲದೆ ನನ್ನ ಅನುಭವವಾಗಿದ್ದು. ನಾನು ನೋಡಿದ ಶಾಂಘೈ ಎಂದರೆ ಒಂದು ಕೋಣೆಯ ಸೂರು ಮತ್ತು ಒಂದು ಇಕ್ಕಳ.

“ಭಾವ, ಮಿಷನ್ನು ಕಲಿಯೋಕೆ ನಮ್ಮ ಚಿಕ್ಕಪ್ಪನೂ ಬರ್ತಾನಂತೆ” ಎಂದ ತಿಪ್ಪೇಶ. “ಅವನಿಗೂ ನೀವೇ ಬುದ್ಧಿ ಹೇಳ್ರಿ.”

“ಬರಲಿ, ಹೇಳ್ತೀನಿ” ಎಂದೆ. ಈಗ ನನಗೆ ಅಂಜಿಕೆಯಿಲ್ಲ. ಯಾರಾದರೂ ಆಧಾರ ಕೇಳಿದರೆ ಸಂತೆಯ ಕುರಿಯಂತೆ ಬಾಯಿ ತೆಗೆದು ತೋರಿಸುತ್ತೇನೆ.