ಕಾದಂಬರಿಕಾರರ ಕೋಣೆ

ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತವನು ಯಾವುದಕ್ಕೂ ಬೇಡ ಅನ್ನಲಾರ. ಕಾದಂಬರಿಕಾರರ ಪಾಡು ಶುರುವಾದದ್ದು ಅಲ್ಲಿಂದಲೇ. ಮೇಲಿನ ಮಹಡಿಯ ಡಾಕ್ಟರಮ್ಮ ಅವರ ದವಡೆ ಹಲ್ಲಿಗೆ ಸಿಮೆಂಟು ತುಂಬುತ್ತಾ, "ನಾಳೆ ನಿಮಗೆ ರಜಾ ಅಲ್ವಾ ಸಾರ್? ನಮ್ಮ ಮಕ್ಕಳಿಗೆ ಕಾದಂಬರಿ ಬರೆಯೋದು ಹೇಳಿಕೊಡಿ" ಎಂದರು. ಬಾಯಲ್ಲಿ ಹತ್ತಿ, ಪುಟ್ಟ ಕನ್ನಡಿ, ಜೊತೆಗೆ ಡಾಕ್ಟರಮ್ಮನ ಎರಡು ಬೆರಳು. ಮೌನವೇ ಸಮ್ಮತಿ ಎಂದುಕೊಂಡ ಆಕೆ, "ಬೆಳಗ್ಗೆನೇ ಕಳಿಸ್ತೀನಿ" ಎಂದು ಮಾತು ಮುಗಿಸಿದರು.

ಕಾದಂಬರಿಕಾರರು ಎನ್ನುವುದು ಆ ಕಟ್ಟಡದವರು ಇಟ್ಟ ಹೆಸರು. ಹೊಟ್ಟೆಪಾಡಿಗೆ ಅವರು ಅಚ್ಚುಮನೆಯಲ್ಲಿ ಬೇರೆಯವರ ಪುಸ್ತಕಗಳ ಕರಡು ತಿದ್ದುತ್ತಿದ್ದರು. ಸಂಜೆಯಾದರೆ ಮನೆಯ ಚಿಕ್ಕ ಕೋಣೆ ಹೊಕ್ಕು, ಬಾಗಿಲು ಹಾಕಿಕೊಂಡು ಸ್ವಂತದ್ದೊಂದು ಕಾದಂಬರಿ ಬರೆಯುತ್ತಿದ್ದರು. ಹತ್ತು ವರ್ಷವಾಗಿತ್ತು. ಒಂದು ವಾಕ್ಯವಾಗಿತ್ತು. ಇದು ಅವರಿಗೂ ದೇವರಿಗೂ ಮಾತ್ರ ಗೊತ್ತಿದ್ದ ಸಂಗತಿ.

ಹೆಂಡತಿಯ ತಾಳ್ಮೆ ಮಾತ್ರ ಮುಗಿಯುತ್ತಾ ಬಂದಿತ್ತು. ಆಕೆ ಹೊಲಿಗೆಯವರು. ಹೊಲಿಗೆ ಮಿಷನ್ನು ಹಜಾರದ ನಡುವೆ ಕೂತಿತ್ತು, ಬಟ್ಟೆಯ ರಾಶಿ ದಾಟದೆ ಅಡುಗೆಮನೆ ಸೇರುವಂತಿರಲಿಲ್ಲ. ಪಾಠದ ಸುದ್ದಿ ಕೇಳಿ ಆಕೆ ಕತ್ತರಿ ಕೆಳಗಿಟ್ಟರು.

"ಒಳ್ಳೇದಾಯ್ತು. ನಾಳೆ ಆ ಮಕ್ಕಳ ಕೈಲಿ ನೀವು ಕಾದಂಬರಿ ಬರೆಸಿದ್ರೆ, ನೀವು ಸಾಹಿತಿ ಅಂತ ನಾನು ಒಪ್ತೀನಿ. ಕೋಣೆ ನಿಮ್ಮದೇ. ಇಲ್ಲಾಂದ್ರೆ ಸಂಜೆಗೆ ಮಿಷನ್ನು ಒಳಗೆ ಹೋಗುತ್ತೆ."

"ಒಂದೇ ದಿನದಲ್ಲಾ?"

"ಹತ್ತು ವರ್ಷ ನಿಮಗೆ ಕೊಟ್ಟಿದ್ದೆನಲ್ಲ" ಎಂದರು ಆಕೆ.

ಬೆಳಗ್ಗೆ ಮೂವರು ಬಂದರು. ಎರಡು ಜಡೆಯವಳು ಮತ್ತು ಕನ್ನಡಕದವನು ಡಾಕ್ಟರಮ್ಮನ ಮಕ್ಕಳು. ಮೂರನೆಯವಳು ಡಾಕ್ಟರಮ್ಮನ ತಂಗಿಯ ಮಗಳು, ಮಾತೇ ಆಡದವಳಾದ್ದರಿಂದ ಮೌನಿ ಎಂದೇ ಹೆಸರಾಗಿದ್ದಳು. ಶಾಲೆಗೆ ಹೋಗಿದ್ದರೆ ಆರನೆಯದೋ ಏಳನೆಯದೋ ಓದಬೇಕಾದವರು. ಇವರಿಗೆ ಮನೆಯಲ್ಲೇ ಪಾಠ, ಮತ್ತು ಆ ಪಾಠದ ಕ್ರಮ ಒಂದೇ: ಹೇಳಿದ್ದನ್ನು ಮಾಡಿ ನೋಡದೆ ನಂಬುವುದಿಲ್ಲ. ಭಿನ್ನರಾಶಿ ಕಲಿತದ್ದು ಬ್ರೆಡ್ಡು ಕೊಯ್ದು. ವಿದ್ಯುತ್ತಿನ ಪಾಠ ನಡೆದ ದಿನ ಕಟ್ಟಡಕ್ಕೆಲ್ಲ ಕತ್ತಲೆ.

ಕಾದಂಬರಿಕಾರರು ಗಂಟಲು ಸರಿಮಾಡಿಕೊಂಡು, ಕರಡು ತಿದ್ದುವಾಗ ಅಲ್ಲಿ ಇಲ್ಲಿ ಓದಿದ್ದನ್ನೆಲ್ಲ ಒಗ್ಗೂಡಿಸಿದರು. "ನಾಯಕನಿಗೆ ಒಂದು ಆಸೆ ಇರಬೇಕು. ಅದಕ್ಕೆ ಅಡ್ಡಿ ಬರಬೇಕು. ಅಡ್ಡಿ ಹೆಚ್ಚುತ್ತಾ ಹೋಗಬೇಕು."

"ಅಡ್ಡಿ ಬಂದ್ರೆ ನಾಯಕ ಏನು ಮಾಡ್ತಾನೆ?" ಎಂದಳು ಎರಡು ಜಡೆಯವಳು.

"ಅದನ್ನ ನೀವು ಕಂಡುಕೊಳ್ಳಬೇಕು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿಮಗೇನು ಆಸೆ ಅಂಕಲ್?" ಎಂದ ಕನ್ನಡಕದವನು.

"ನನಗಾ? ಈ ಕೋಣೆ ಉಳಿದ್ರೆ ಸಾಕಪ್ಪ."

ಹುಡುಗ ತಲೆಯಾಡಿಸಿದ. ಆಮೇಲೆ ಮೇಜಿನ ಮೇಲಿನ ಹಾಳೆ ನೋಡಿ, "ನಿಮ್ಮ ಕಾದಂಬರೀಲಿ ಒಂದೇ ವಾಕ್ಯ ಇದೆ" ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಹೊರಗೆ ಮೋಡವಾಗಿದೆ ಎಂದಷ್ಟೇ ಸಹಜವಾಗಿ ಹೇಳಿದ. ಕಾದಂಬರಿಕಾರರು ಹಾಳೆಯ ಮೇಲೆ ಕೈಯಿಟ್ಟು, ಚಹಾಕ್ಕೆ ಬಿಡುವು ಕೊಟ್ಟರು.

ಬಿಡುವು ಮುಗಿಯುವಷ್ಟರಲ್ಲಿ ಅವರ ಕನ್ನಡಕ ಕಾಣೆ. ಮನೆಯೆಲ್ಲ ತಡಕಾಡಿದರು. ಹೊಲಿಯಲು ಬಂದಿದ್ದ ಯಾರದೋ ಲಂಗದೊಳಗೆ ಕಾಲು ಸಿಕ್ಕಿಸಿಕೊಂಡು ಬಿದ್ದರು, ಚಹಾಕ್ಕೆ ಉಪ್ಪು ಬೆರೆಸಿ ಕುಡಿದರು. ಅಷ್ಟರಲ್ಲಿ ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಕೋಲು ಕುಟ್ಟುತ್ತಾ ಬಂದರು. ಶಾಲೆಗೆ ಹೋಗದ ಮಕ್ಕಳೆಂದರೆ ಅವರಿಗೆ ಮೈಯೆಲ್ಲ ಉರಿ.

"ಏನ್ರೀ, ಅನುಮತಿ ಇಲ್ಲದೆ ಶಾಲೆ ತೆರೆದಿದ್ದೀರಂತೆ? ಹೆಡ್‌ಮಾಸ್ಟರು ಕೂಡ ನೀವೇ ಅಂತೆ?"

"ಯಾರು ಸಾರ್ ಹೇಳಿದ್ದು?"

"ಯಾರಾದ್ರೇನು? ಸಂಧಿ ಎಷ್ಟು ವಿಧ ಹೇಳಿ ನೋಡೋಣ."

ಸಂಧಿ, ಸಮಾಸ, ಛಂದಸ್ಸು ಎಲ್ಲದರ ಪರೀಕ್ಷೆಯಾಯಿತು. ಬಾಗಿಲ ಸಂದಿಯಲ್ಲಿ ಮೂರು ಪೆನ್ಸಿಲುಗಳು ಓಡುತ್ತಿದ್ದುದು ಕಾದಂಬರಿಕಾರರಿಗೆ ಕನ್ನಡಕವಿಲ್ಲದೆ ಕಾಣಲಿಲ್ಲ. ಹೆಡ್‌ಮಾಸ್ಟರನ್ನು ಸಾಗಹಾಕುವ ಹೊತ್ತಿಗೆ ಅವರಿಗೆ ಸಾಕುಸಾಕಾಗಿತ್ತು.

"ಅಂಕಲ್, ತಾರಸಿಗೆ ಬನ್ನಿ, ಊರು ಹೇಗೆ ವರ್ಣಿಸೋದು ಅಂತ ತೋರಿಸಿ. ಚಪ್ಪಲಿ ಇಲ್ಲೇ ಬಿಡಿ, ಮೇಲೆ ಈಗಷ್ಟೇ ತೊಳೆದಿದ್ದಾರೆ" ಎಂದಳು ಎರಡು ಜಡೆಯವಳು. ನಂಬಿ ಹೋದರು. ತಾರಸಿ ತೊಳೆದ ಗುರುತೇ ಇರಲಿಲ್ಲ. ಹಿಂದೆ ಅಗುಳಿ ಬಿದ್ದ ಸದ್ದು ಕೇಳಿತು. ಮೋಡ ಸರಿದು ನಡುಹಗಲಿನ ಬಿಸಿಲು ಬಿದ್ದಿತ್ತು, ನೆಲ ಕಾದ ಹೆಂಚಾಗಿತ್ತು. ಕಾದಂಬರಿಕಾರರು ಒಂದು ಕಾಲೆತ್ತಿ ಇನ್ನೊಂದು ಕಾಲಿಟ್ಟು ಕುಣಿಯತೊಡಗಿದರು. ಕೆಳಗೆ ಜನ ಸೇರಿದರು. "ಕಾದಂಬರಿ ಮುಗೀತೂಂತ ಕಾಣುತ್ತೆ" ಎಂದು ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಅವರು ಬಾಗಿಲು ಬಡಿದರು. "ಯಾರಾದ್ರೂ ತೆಗೀರಪ್ಪಾ."

"ಸ್ವಲ್ಪ ತಡೀರಿ ಅಂಕಲ್, ಅಧ್ಯಾಯ ಮುಗೀಲಿ" ಎಂದಿತು ಆಚೆಯಿಂದ ಹುಡುಗನ ದನಿ.

ಕಾದಂಬರಿಕಾರರು ಅರೆಕ್ಷಣ ಕುಣಿಯುವುದನ್ನೂ ಮರೆತರು. "ಹಾಗಾದ್ರೆ ನನ್ನ ಕನ್ನಡಕ?"

"ಅದು ಎರಡನೇ ಅಧ್ಯಾಯ."

"ಹೆಡ್‌ಮಾಸ್ಟರು?"

"ಮೂರನೇದು. ಅಡ್ಡಿ ಹೆಚ್ಚುತ್ತಾ ಹೋಗಬೇಕು ಅಂತ ನೀವೇ ಹೇಳಿದ್ರಲ್ಲ. ನಾಯಕ ಏನು ಮಾಡ್ತಾನೆ ಅಂತ ನೋಡದೆ ಹೇಗೆ ಬರೆಯೋದು?"

ಬಾಗಿಲು ತೆರೆದಾಗ ಅವರ ನಾಲಿಗೆಯ ತುದಿಯಲ್ಲಿ ಇದ್ದಬದ್ದ ಬೈಗುಳವೆಲ್ಲ ಸಾಲಾಗಿ ನಿಂತಿತ್ತು. ಮಕ್ಕಳು ಮೆಟ್ಟಿಲ ಮೇಲೆ ಕೂತಿದ್ದರು, ಸುತ್ತ ಹಾಳೆಗಳು. ಯಾರೂ ತಲೆಯೆತ್ತಲಿಲ್ಲ. ಮೌನಿ ಮಾತ್ರ ಕನ್ನಡಕ ಕೈಗಿಟ್ಟು, ಒಂದು ಹಾಳೆ ಚಾಚಿದಳು. ದೋಣಿ ಕಟ್ಟುವವನೊಬ್ಬನ ಕತೆ. ಅದರ ಒಂದು ಸಾಲನ್ನು ಅವರು ಓದಿದರು: 'ಅವನು ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ದೋಣಿ ಕಟ್ಟಲಿಕ್ಕಲ್ಲ, ಕಟ್ಟುತ್ತಿಲ್ಲವೆಂದು ಹೆಂಡತಿಗೆ ಕಾಣಬಾರದೆಂದು.'

ಬೈಗುಳ ನಾಲಿಗೆಯ ಮೇಲೇ ಕರಗಿತು. ಇಷ್ಟು ವರ್ಷ ಎಷ್ಟೋ ದೊಡ್ಡವರ ಬರವಣಿಗೆಯನ್ನು ತಿದ್ದಿದ್ದರು. ಹೀಗೆ ಎದೆಗೆ ನಾಟಿದ ಸಾಲು ನೆನಪಾಗಲಿಲ್ಲ. ಅಂಗಾಲು ಉರಿಯುತ್ತಿದ್ದರೂ ಅವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು, "ಇದನ್ನ ನೀನು ಬರೆದೆಯಾ ತಾಯೀ?" ಎಂದರು. ಹನ್ನೆರಡು ತುಂಬದ ಆ ಹುಡುಗಿಗೆ ಅವರು ತಮಗರಿವಿಲ್ಲದೆ ಕೈಮುಗಿದಿದ್ದರು.

ಸಂಜೆ ಹಜಾರದಲ್ಲಿ ಕಾದಂಬರಿ ಓದುವುದೆಂದಾಯಿತು. ಅಳತೆಯಲ್ಲಿ ಅದು ನೀಳ್ಗತೆಯೇ ಇರಬೇಕು. ಆದರೆ ಅಧ್ಯಾಯಗಳಿದ್ದವು, ಮಕ್ಕಳು ಕಾದಂಬರಿ ಎಂದಿದ್ದರು, ಯಾರಿಗೂ ಎದುರಾಡುವ ಧೈರ್ಯವಿರಲಿಲ್ಲ. ಡಾಕ್ಟರಮ್ಮ ಬಂದರು. ತಪ್ಪು ಹುಡುಕಲು ಹೆಡ್‌ಮಾಸ್ಟರು ಕೆಂಪು ಪೆನ್ನು ಹಿಡಿದೇ ಬಂದರು.

ಕತೆಯ ನಾಯಕ ಮುಚ್ಚಿದ ಕೋಣೆಯಲ್ಲಿ ದೋಣಿ ಕಟ್ಟಲು ಹೊರಟವನು. ವರ್ಷಗಟ್ಟಲೆ ಕೂತರೂ ಅವನ ಬಳಿ ಇದ್ದದ್ದು ಒಂದೇ ಹಲಗೆ. ಒಂದು ದಿನ ಸುಡುವ ತಾರಸಿಯಲ್ಲಿ ಸಿಕ್ಕಿಬೀಳುತ್ತಾನೆ. ಕಾಲು ಸುಟ್ಟವನ ಕುಣಿತಕ್ಕೆ ಊರು ಚಪ್ಪಾಳೆ ತಟ್ಟುತ್ತದೆ. ನಾಚಿಕೆಯಿಂದ ಇಳಿದು ಬಂದವನು ಕೋಣೆಗೆ ಹೋಗಲಾರದೆ, ಆ ಒಂದು ಹಲಗೆಯನ್ನು ಹೊರತಂದು ಮೆಟ್ಟಿಲ ಬಳಿ ಕೂರುತ್ತಾನೆ. ಹತ್ತಿ ಇಳಿಯುವವರು 'ಇದೇನು' ಎಂದು ಕೇಳುತ್ತಾರೆ. ಕೇಳಿದವರೆಲ್ಲ ತಂತಮ್ಮ ಮನೆಯಿಂದ ಒಂದೊಂದು ಹಲಗೆ ತಂದುಕೊಡುತ್ತಾರೆ. ಕೊನೆಯ ಹಲಗೆ ಹೆಂಡತಿಯದು.

ಎರಡು ಜಡೆಯವಳು ಓದಿ ಮುಗಿಸಿದಳು. ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳ ಹಾಕಿ, ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಹೆಂಡತಿಯ ಕೆನ್ನೆ ಒದ್ದೆಯಾಗಿತ್ತು. ಆಕೆ ಗಂಡನನ್ನು ಮದುವೆಯಾದ ಹೊಸತರಲ್ಲಿ ನೋಡಿದಂತೆ ನೋಡಿ, "ಒಪ್ಪಿದೆ ಕಣ್ರೀ. ಇಂಥದ್ದು ಬರೆಸಿದ್ದೀರಲ್ಲ, ನೀವು ಸಾಹಿತಿನೇ" ಎಂದರು.

ಕಾದಂಬರಿಕಾರರ ಎದೆ ಉಬ್ಬಿತು. ಕೋಣೆ ಉಳಿದಿತ್ತು.

"ಅದಕ್ಕೇ ಹೇಳ್ತಿದೀನಿ" ಎಂದು ಆಕೆ ಎದ್ದು ಸೆರಗು ಬಿಗಿದರು. "ನಾನು ಇಷ್ಟು ದಿನ ತಪ್ಪು ತಿಳ್ಕೊಂಡಿದ್ದೆ. ತಪ್ಪು ನಿಮ್ಮದಲ್ಲ, ಆ ಕೋಣೇದು. ಒಳಗೆ ಕೂತ್ರೆ ನಿಮ್ಮಿಂದ ಆಗಲ್ಲ. ಕುರ್ಚಿ, ಮೇಜು ಎರಡೂ ಈಗಲೇ ಮೆಟ್ಟಿಲ ಹತ್ರ ಹಾಕೋಣ. ಮಿಷನ್ನು ಬೇಕಾದ್ರೆ ಒಳಗಿರಲಿ."

"ಹಲಗೆ ಬೇಕಿದ್ರೆ ನನ್ನನ್ನ ಕೇಳಿ" ಎಂದರು ಹೆಡ್‌ಮಾಸ್ಟರು. ಡಾಕ್ಟರಮ್ಮ ಆಗಲೇ ಮೇಜಿನ ಒಂದು ತುದಿ ಹಿಡಿದಿದ್ದರು.

ಕಾದಂಬರಿಕಾರರು ಮೌನಿಯ ಪಕ್ಕ ಬಗ್ಗಿ, ಯಾರಿಗೂ ಕೇಳದಂತೆ ಬೇಡಿಕೊಂಡರು. "ಪುಟ್ಟಾ, ಕೊನೆಯೊಂದು ಬದಲಾಯಿಸೋಕಾಗಲ್ವಾ? ಅವನು ಕೋಣೆಗೇ ವಾಪಸ್ ಹೋದ ಅಂತ?"

ಮೌನಿ ಕೊನೆಯ ಹಾಳೆಯನ್ನು ಇನ್ನೊಮ್ಮೆ ಓದಿದಳು. ಆಮೇಲೆ ಆ ದಿನ ಮೊದಲ ಸಲ ಬಾಯಿಬಿಟ್ಟಳು.

"ಬದಲಾಯಿಸಬಹುದು ಅಂಕಲ್. ಆದ್ರೆ ಕಾದಂಬರಿ ಕೆಡುತ್ತೆ."

ಕರಡು ತಿದ್ದಿ ತಲೆ ನರೆತ ಮನುಷ್ಯ. ಅವಳ ಮಾತು ನಿಜವೆಂದು ಅವರಿಗೆ ಗೊತ್ತಿತ್ತು. ಒಂದು ನಿಟ್ಟುಸಿರು ಬಿಟ್ಟು, ಹೋಗಿ ಮೇಜಿನ ಇನ್ನೊಂದು ತುದಿ ಹಿಡಿದರು.